ಹತ್ತು ನಮೋ ಮರಿಯಾಕ್ಕೆ ಒಂದು ಗಡ್ಡ

ರಾಮಗಿರಿ ಹವಾಲ್ದಾರರು ನಮ್ಮ ದೊಡ್ಡಪ್ಪನ ಪ್ರಾರ್ಥನಾ ಕೂಟವನ್ನು ಬಿಟ್ಟದ್ದು ಧರ್ಮದ ಕಾರಣಕ್ಕೆ ಎಂದು ಹೊಳಲ್ಕೆರೆ ಬಸ್ ಸ್ಟ್ಯಾಂಡಿನಿಂದ ರಾಮಗಿರಿ ರೈಲ್ವೆ ಸ್ಟೇಷನ್ನಿನವರೆಗೆ ಎಲ್ಲರೂ ಹೇಳುತ್ತಾರೆ. "ಅವ್ರು ಬೀರಪ್ಪನ ಒಕ್ಕಲು, ಇವ್ರು ಚರ್ಚಿನೋರು. ಎಷ್ಟು ದಿನ ನಡದಾತು?" ಎಂದು ಟೀ ಅಂಗಡಿಯಲ್ಲಿ ತೀರ್ಪು ಕೂಡ ಆಗಿಹೋಗಿದೆ. ನಾನು ಒಪ್ಪುವುದಿಲ್ಲ. ಮೂರು ವರ್ಷ ಸತತವಾಗಿ ಕಾಲೇಜಿಗೆ ಚರ್ಚಾಸ್ಪರ್ಧೆಯ ಪಾರಿತೋಷಕ ಹೊತ್ತು ತಂದವಳು ನಾನು. ಸಾಕ್ಷಿಯಿಲ್ಲದ ಮಾತಿಗೆ ತಲೆಯಾಡಿಸಿದರೆ ಆ ಪಾರಿತೋಷಕವೇ ಕಪಾಟಿನಿಂದ ಎದ್ದು ಬಂದು ಬಡಿದೀತು! ಅವರು ಬಿಟ್ಟದ್ದು ಮೀಸೆಯ ಕಾರಣಕ್ಕೆ. ಪೂರ್ತಿ ಮೀಸೆಯೂ ಅಲ್ಲ, ಅರ್ಧ. ಸಾಕ್ಷಿ ಯಾರು ಎನ್ನುತ್ತೀರಾ? ಬಿಸಿನೀರಿನ ತಂಬಿಗೆ ಹಿಡಿದು ಪಕ್ಕದಲ್ಲೇ ನಿಂತಿದ್ದ ನಾನು.

ದೊಡ್ಡಪ್ಪ ಇಪ್ಪತ್ತೆರಡು ವರ್ಷ ಸೈನ್ಯದಲ್ಲಿದ್ದವರು. ಎಷ್ಟು ಶತ್ರುಗಳನ್ನು ಹೊಡೆದಿರಿ ಎಂದು ಮಕ್ಕಳು ಕೇಳಿದರೆ ಎದೆ ಉಬ್ಬಿಸಿ, "ಒಬ್ಬನ್ನೂ ಇಲ್ಲ" ಎನ್ನುತ್ತಾರೆ. ಅವರು ಪಲ್ಟನಿನ ಕ್ಷೌರಿಕ. "ಬಂದೂಕು ಯಾರು ಬೇಕಾದ್ರೂ ಹಿಡೀತಾರೆ ಕಣ್ರೋ. ಬ್ರಿಗೇಡಿಯರ್ ಸಾಹೇಬ್ರ ಕುತ್ತಿಗೆಗೆ ಕತ್ತಿ ಹಿಡ್ದು 'ಅಲ್ಲಾಡಬ್ಯಾಡ್ರಿ' ಅಂದೋನು ಇಡೀ ಪಲ್ಟನಿನಾಗೆ ನಾನೊಬ್ನೇ!"

ನಿವೃತ್ತರಾಗಿ ಹೊಳಲ್ಕೆರೆಗೆ ಬಂದವರು ಸುಮ್ಮನೆ ಕೂರಲಿಲ್ಲ. ತಮ್ಮಂತೆಯೇ ಸಂಸಾರಸ್ಥರಾದ ಮೂರು ನಾಲ್ಕು ಕ್ಯಾಥೊಲಿಕರನ್ನು ಸೇರಿಸಿಕೊಂಡು ಮಾಜಿ ಸೈನಿಕರಿಗಾಗಿ ಒಂದು ಕೂಟ ಕಟ್ಟಿದರು. ಶನಿವಾರ ಬೆಳಿಗ್ಗೆ ನಮ್ಮ ಪಡಸಾಲೆಯಲ್ಲಿ ಜಪಸರ, ಆಮೇಲೆ ಹಾಸಿಗೆ ಹಿಡಿದವರ ಮನೆಗಳಿಗೆ ಭೇಟಿ. ಹಿರಿಯೂರು, ಹೊಸದುರ್ಗ, ತುರುವನೂರಿನಿಂದೆಲ್ಲ ಬರುತ್ತಾರೆ. ಬರುವವರಲ್ಲಿ ಅರ್ಧ ಜನ ಚರ್ಚಿನವರೇ ಅಲ್ಲ. ಅದನ್ನು ಕೇಳಿದರೆ ದೊಡ್ಡಪ್ಪ, "ಜಪ ನಮ್ದು, ಹಾಜರಿ ಎಲ್ಲಾರ್ದು" ಎನ್ನುತ್ತಾರೆ. ಹೌದು, ಮೊದಲು ಹಾಜರಿ! ಹಾಜರಿಯಾಗದೆ ನಮ್ಮ ಮನೆಯಲ್ಲಿ ದೇವರಿಗೂ ಮಾತಾಡುವ ಹಕ್ಕಿಲ್ಲ. ಹೆಸರು ಹಿಡಿದು ಕರೆಯುವುದಿಲ್ಲ. ರ‍್ಯಾಂಕು, ಊರು, ಅಷ್ಟೇ. "ನಾಯಕ್ ಹಿರಿಯೂರು!" "ಹಾಜರ್ ಸಾಬ್!" "ಹವಾಲ್ದಾರ್ ರಾಮಗಿರಿ!" "ಹಾಜರ್ ಸಾಬ್!" ಎದುರುಮನೆಯ ಎಮ್ಮೆ ಬೆಚ್ಚಿಬಿದ್ದು ಹಾಲು ಕಡಿಮೆ ಮಾಡಿದೆ ಎಂಬ ದೂರೂ ಇದೆ.

ಇನ್ನು ಸೇವೆ. ಸೈನಿಕ ಅನ್ನಿಸಿಕೊಂಡವನು ಗಡ್ಡ ಬಿಟ್ಟುಕೊಂಡು ದೇವರ ಮುಂದೆ ಕೂರಬಾರದು ಎಂಬುದು ದೊಡ್ಡಪ್ಪನ ದೈವಶಾಸ್ತ್ರ. ಆದರೆ ಹೊಸದುರ್ಗದವರಿಗೆ ಬಸ್ಸು ತಪ್ಪಬಾರದಲ್ಲ? ಹಾಗಾಗಿ ಜಪ, ಕ್ಷೌರ ಎರಡೂ ಒಟ್ಟೊಟ್ಟಿಗೆ! ಜಪಸರದಲ್ಲಿ ಹತ್ತು ಹತ್ತು ಮಣಿಗಳ ಐದು ಗುಂಪು. ಮಣಿಗೊಂದು ನಮೋ ಮರಿಯಾ. ಹತ್ತು ನಮೋ ಮರಿಯಾಕ್ಕೆ ಒಂದು ಗಡ್ಡ, ಜಪಸರ ಮುಗಿಯುವಷ್ಟರಲ್ಲಿ ಐದು ಗಡ್ಡ. ಒಮ್ಮೆ ಹೊಸ ಫಾದರ್ ಬಂದು ನೋಡಿ, ಇದು ಸರಿಯೇ ಎಂದು ಕೇಳಲು ಬಾಯಿ ತೆರೆದರು. ಅಷ್ಟರಲ್ಲಿ ಅವರ ಕೆನ್ನೆಗೆ ನೊರೆ ಹತ್ತಿತ್ತು.

ನಾನೂ ಸುಮ್ಮನಿರಲಿಲ್ಲ. ದೇವರ ಅಸ್ತಿತ್ವದ ವಿರುದ್ಧ ಏಳು ವಾದಗಳನ್ನು ಅಚ್ಚುಕಟ್ಟಾಗಿ ದೊಡ್ಡಪ್ಪನ ಮುಂದಿಟ್ಟೆ. ಪೂರ್ತಿ ಕೇಳಿಸಿಕೊಂಡರು. "ಪಾಯಿಂಟು ಚೆನ್ನಾಗವೆ ವಕೀಲಮ್ಮ. ಅವ್ನು ಐದಾನೋ ಇಲ್ವೋ ಆಮ್ಯಾಲೆ ನೋಡಾಣ. ನೀನಂತೂ ಇದೀಯಲ್ಲ, ಬಿಸಿನೀರು ತಗಂಬಾ." ಯಾವ ತೀರ್ಪುಗಾರರ ಮುಂದೆಯೂ ನಾನು ಹೀಗೆ ಸೋತಿರಲಿಲ್ಲ.

ಹವಾಲ್ದಾರರದು ಯಾವಾಗಲೂ ಐದನೆಯ ಸರದಿ. ಕುರಿ ಕಾಯುತ್ತಿದ್ದ ಅಜ್ಜನಿಂದ ಬಂದ ಮೀಸೆ ಅವರದು. ಅದು ಬಾಗಿಲು ದಾಟಿ ಒಂದು ನಿಮಿಷದ ಮೇಲೆ ಅವರು ದಾಟುತ್ತಿದ್ದರು. ಆ ಶನಿವಾರ ಕೊನೆಯ ಮಣಿ ಮುಗಿದಾಗ ಕತ್ತಿ ಅವರ ತುಟಿಯಂಚಿನಲ್ಲಿತ್ತು. ದೊಡ್ಡಪ್ಪ ಕಣ್ಣು ಮುಚ್ಚಿ, "ಪಿತನ..." ಎಂದವರೇ ಶಿಲುಬೆ ಗುರುತು ಹಾಕಲು ಬಲಗೈಯನ್ನು ಹಣೆಗೆ ಎತ್ತಿದರು. ಕೈಯಲ್ಲಿ ಕತ್ತಿಯಿತ್ತು. ತುಟಿಗೂ ಹಣೆಗೂ ನಡುವೆ ಏನಿತ್ತು ಎಂದು ಬಿಡಿಸಿ ಹೇಳಬೇಕೆ?

"ಆಮೆನ್" ಎನ್ನುವಷ್ಟರಲ್ಲಿ ಎಡಮೀಸೆ ಟವೆಲ್ಲಿನ ಮೇಲಿತ್ತು!

ಹವಾಲ್ದಾರರು ಕನ್ನಡಿ ನೋಡಿದರು. ಟವೆಲ್ಲನ್ನು ಮಡಿಸಿಟ್ಟು ಹೋದವರು ಮತ್ತೆ ಬರಲಿಲ್ಲ.

ಅದು ಈಸ್ಟರಿಗೆ ಮುಂಚಿನ ನಲವತ್ತು ದಿನದ ತಪಸ್ಸುಕಾಲದ ಮೊದಲ ವಾರ. ದೊಡ್ಡಪ್ಪ ಅಂದೇ ತಮ್ಮ ಎಡಮೀಸೆಯನ್ನೂ ಬೋಳಿಸಿ, ಈಸ್ಟರ್‌ವರೆಗೆ ಅರ್ಧ ಮೀಸೆಯಲ್ಲೇ ಹೊಳಲ್ಕೆರೆ ಸುತ್ತಿದರು. ನಮ್ಮಕ್ಕನ ನಿಶ್ಚಿತಾರ್ಥದ ಫೋಟೋದಲ್ಲಿ ಅವರೊಬ್ಬರೇ, ಬೋಳು ಕಡೆ ಕಾಣದಂತೆ, ಗೋಡೆ ನೋಡುತ್ತ ನಿಂತಿದ್ದಾರೆ. ಪಡಸಾಲೆಯಲ್ಲಿ ಐದನೆಯ ಸರದಿಗೆ ಬೇರೆ ಯಾರನ್ನೂ ಕೂರಿಸಲಿಲ್ಲ. ಕೊನೆಯ ಹತ್ತು ನಮೋ ಮರಿಯಾ ಖಾಲಿ ಕುರ್ಚಿಯ ಮುಂದೆಯೇ. ಜಪ ಮುಗಿದದ್ದೇ, "ಗಾಡಿ ತೆಗಿ, ರಾಮಗಿರಿಗೆ ಹೋಗಾಣ."

ಹದಿನಾಲ್ಕು ತಿಂಗಳು ಪ್ರತಿ ಶನಿವಾರ ನನ್ನ ಸ್ಕೂಟರಿನಲ್ಲಿ ಹೋದೆವು. ಮುಚ್ಚಿದ ಬಾಗಿಲ ಮುಂದೆ ನಿಂತು ದೊಡ್ಡಪ್ಪ ಕೂಗುತ್ತಿದ್ದರು: "ಹವಾಲ್ದಾರ್ ರಾಮಗಿರಿ!" ಉತ್ತರವಿಲ್ಲ. ಒಂದು ನಿಮಿಷ ಕಾಯುವುದು, ವಾಪಸ್ಸು.

"ದೊಡ್ಡಪ್ಪ, ಬರದೆ ಇರೋದು ಅವರ ಹಕ್ಕು. ಇದು ಕಿರುಕುಳ."

"ಬರೋದು ಬಿಡೋದು ಅವ್ನ ಹಕ್ಕು. ಕೂಗೋದು ನನ್ ಡ್ಯೂಟಿ. ಕ್ಷಮಿಸ್ದೇ ಇದ್ರೂ ಚಿಂತಿಲ್ಲ, ಅವ್ನ ಹೆಸ್ರು ಹೊಡ್ದಾಕಿದೀನಿ ಅಂತ ಮಾತ್ರ ತಿಳೀಬಾರ್ದು."

ಕಳೆದ ತಿಂಗಳು ದೊಡ್ಡಪ್ಪನಿಗೆ ಚಿಕೂನ್‌ಗುನ್ಯ ಆಯಿತು. ಬೆರಳು ಮಡಿಸಲಾಗದು, ಕತ್ತಿ ಹಿಡಿಯುವುದು ದೂರದ ಮಾತು. ಹದಿನೈದು ದಿನದ ಗಡ್ಡ ಬಿಟ್ಟುಕೊಂಡು ಗೋಡೆಗೆ ಮುಖ ಮಾಡಿ ಮಲಗಿದ್ದರು. ಒಂದು ಶನಿವಾರ ಕೂಗು ತಪ್ಪಿಯೇ ಹೋಯಿತು. ಮುಂದಿನ ಶನಿವಾರ ನನ್ನನ್ನು ಕರೆದರು. "ನೀ ಹೋಗಿ ಕೂಗ್ ಬಾ."

"ನನಗೆ ಇದರಲ್ಲೆಲ್ಲ ನಂಬಿಕೆ ಇಲ್ಲ ದೊಡ್ಡಪ್ಪ."

"ನಂಬು ಅಂದ್ನಾ? ಕೂಗು ಅಂದೆ."

ಹೋದೆ. ದೊಡ್ಡಪ್ಪ ನಿಲ್ಲುತ್ತಿದ್ದ ಜಾಗದಲ್ಲೇ ಆ ಬಾಗಿಲ ಮುಂದೆ ನಿಂತೆ. ಇನ್ನೂ ಬಾಯಿ ತೆರೆದಿಲ್ಲ, ಬಾಗಿಲೇ ತೆರೆಯಿತು! ಪಾಲಿಶ್ ಮಾಡಿದ ಬೂಟು, ಇಸ್ತ್ರಿ ಮಾಡಿದ ಬಿಳಿ ಅಂಗಿ, ಎರಡೂ ಕಡೆ ಭರ್ತಿ ಮೀಸೆ. "ಎಲ್ಲವ್ವ ಅವ್ನು? ಹೋದ ವಾರನೂ ಬರ್ಲಿಲ್ಲ?"

ಹಿಂದಿನಿಂದ ಸೊಸೆ ನಕ್ಕಳು. "ಪ್ರತಿ ಶನಿವಾರ ಹಿಂಗೇ ಕಣಕ್ಕ. ಬೂಟು ಹಾಕ್ಕಂಡು ಬಾಗ್ಲ ಹಿಂದೆ ಅಟೆನ್ಷನ್ನು. ಆ ಯಪ್ಪ ಕೂಗಿದ್ ಕೂಡ್ಲೆ ಇವ್ರು ಒಳಗಿಂದ 'ಹಾಜರ್ ಸಾಬ್' ಅಂತ ಪಿಸುಗುಡ್ತಾರೆ. ನಮಗೆಲ್ಲ ಇವ್ರು ಮಾವ, ತಾತ. ಹವಾಲ್ದಾರ್ ಅಂತ ಕರೆಯೋರು ಈ ಊರಾಗೆ ಬ್ಯಾರೆ ಯಾರವ್ರೆ?"

"ಜ್ವರ ಬಂದು ಮಲಗಿದ್ದಾರೆ" ಎಂದೆ. ಹವಾಲ್ದಾರರು ಆಗಲೇ ಸ್ಕೂಟರಿನ ಹಿಂದೆ ಕುಳಿತಿದ್ದರು.

ನಮ್ಮ ಪಡಸಾಲೆಯಲ್ಲಿ ಬೂಟು ಕುಟ್ಟಿ ನಿಂತು ಕೂಗಿದರು: "ಬಾರ್ಬರ್ ಹೊಳಲ್ಕೆರೆ!"

ಒಳಕೋಣೆಯಲ್ಲಿ ಮಂಚ ಕಿರುಗುಟ್ಟಿತು. ಸಣ್ಣ ದನಿ: "ಹಾಜರ್ ಸಾಬ್!"

ಹವಾಲ್ದಾರರು ದೊಡ್ಡಪ್ಪನನ್ನು ತೋಳು ಹಿಡಿದು ತಂದು ಐದನೆಯ ಸರದಿಯ ಆ ಕುರ್ಚಿಯಲ್ಲೇ ಕೂರಿಸಿದರು. ಕೆನ್ನೆಗೆ ನೊರೆ ಹಚ್ಚಿದರು. "ಹೂಂ, ಜಪ ಶುರು ಮಾಡೋ. ಹತ್ತು ಆಗೋದ್ರಾಗೆ ಮುಗಿಸ್ತೀನಿ."

"ಲೇ, ನಿನ್ ಕೈ ನಡುಗ್ತೈತಲ್ಲೋ! ನನ್ ಮೀಸೆ?"

"ಹೆದರಬ್ಯಾಡ. ಆಮೆನ್ ಅಂದ್ರೆ ನನ್ ಕೈಯಿ ಹಣೆಗೆ ಹೋಗಲ್ಲ."

ದೊಡ್ಡಪ್ಪ ಗಹಗಹಿಸಿ ನಕ್ಕರು. ನಗುತ್ತ ನಗುತ್ತ ಕಣ್ಣಿಂದ ಇಳಿದದ್ದು ನೊರೆಯಲ್ಲಿ ಎರಡು ಗೆರೆ ಕೊರೆಯಿತು. ಹವಾಲ್ದಾರರು ಅದನ್ನು ಹೆಬ್ಬೆರಳಿನಿಂದ ಒರೆಸಿ ಮತ್ತೆ ನೊರೆ ತುಂಬಿದರು. ನಮೋ ಮರಿಯಾ ಶುರುವಾಯಿತು. ನಾನು ತಂಬಿಗೆ ಹಿಡಿದು ನಿಂತಿದ್ದೆ. ನಾಲ್ಕನೆಯ ಮಣಿಗೋ ಐದನೆಯದಕ್ಕೋ ತಡೆಯಲಾಗದೆ ಮೆಲ್ಲಗೆ ಕೇಳಿಯೇಬಿಟ್ಟೆ. ಹವಾಲ್ದಾರರು ದೊಡ್ಡಪ್ಪನ ಗದ್ದವನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು ಕತ್ತಿಯಾಡಿಸುತ್ತಲೇ ಇದ್ದರು.

"ಹವಾಲ್ದಾರ್ರೇ, ಮೀಸೆ ಮೂರೇ ತಿಂಗಳಿಗೆ ಬೆಳೆದಿರಬೇಕಲ್ಲ? ಬಾಗಿಲು ತೆಗೆದರೆ ದೊಡ್ಡಪ್ಪ ಬಂದು ಕೂಗೋದು ನಿಲ್ಲಿಸಿಬಿಡ್ತಾರೆ ಅಂತ ಹೆದರಿದ್ರಾ?"