ವಾಸವಿಲ್ಲದ ವಾಸ

ಮನೆ ಖಾಲಿಯಿದೆ ಎಂದ ಮಾತ್ರಕ್ಕೆ ಅದು ವಾಸಕ್ಕಿದೆ ಎಂದು ಯಾರೂ ಭಾವಿಸತಕ್ಕದ್ದಲ್ಲ. ಪೇಂಟರಿಗೆ ಈ ತತ್ವವನ್ನು ಮನಗಾಣಿಸಿದವರು ಕಟ್ಟಡದ ಮಾಲೀಕರಾದ ನಿವೃತ್ತ ಅಧಿಕಾರಿಗಳು. ಅವರ ಕೆಳಗಿನ ಮನೆಗೆ ಬಣ್ಣ ಬಳಿಯುತ್ತಲೇ ಅವನು ಕಿಟಕಿಯ ಬಳಿ ಅಮ್ಮನ ಮಂಚ, ಬಾಗಿಲ ಬೆಳಕಿಗೆ ಹೆಂಡತಿಯ ಹೊಲಿಗೆ ಮಿಷನ್ನು ಎಂದು ಮನಸ್ಸಿನಲ್ಲೇ ಸಂಸಾರ ಹೂಡಿಬಿಟ್ಟಿದ್ದ. ಅವನ ಸಂಸಾರ ಬಾಡಿಗೆಗಿದ್ದ ಶೀಟಿನ ಮನೆಯನ್ನು ಕೆಡವಲು ದಿನ ಗೊತ್ತಾಗಿತ್ತು.

"ಸಾರ್, ಈ ಮನೆ ನಮಗೇ ಕೊಡಿ. ಬಾಡಿಗೆ ತಪ್ಪಿಸಲ್ಲ."

"ಈಗಿರೋ ಮನೆ ಯಾಕೆ ಬಿಡ್ತಿದ್ದೀಯ?"

"ಖಾಲಿ ಮಾಡಿಸ್ತಿದ್ದಾರೆ ಸಾರ್."

ಅಧಿಕಾರಿಗಳು ಕನ್ನಡಕ ತೆಗೆದರು. "ಒಬ್ಬರು ಬೇಡ ಅಂದವರನ್ನ ನಾನು ಹೇಗಪ್ಪ ಇಟ್ಟುಕೊಳ್ಳಲಿ? ಎಲ್ಲಾದರೂ ಒಂದು ವರ್ಷ ನೆಟ್ಟಗಿದ್ದು ಬಾ."

"ಇರೋದಕ್ಕೆ ಮನೆ ಬೇಕಲ್ಲ ಸಾರ್."

"ನಾನೂ ಅದನ್ನೇ ಹೇಳ್ತಿರೋದು."

ಮರುದಿನ ಹೆಂಡತಿಯೂ ಅಮ್ಮನೂ ಜೊತೆಗೆ ಬಂದರು. ಅಮ್ಮ ಕೆಮ್ಮಿದರು. ಕೆಮ್ಮು ಗೋಡೆಗೆ ಒಳ್ಳೆಯದಲ್ಲ ಎಂದು ಅಧಿಕಾರಿಗಳು ಅಭಿಪ್ರಾಯಪಟ್ಟರು. ಸ್ವಂತ ಮನೆಯಿರುವ ನೆಂಟರೊಬ್ಬರು ಜಾಮೀನು ನಿಲ್ಲಬೇಕೆಂದೂ ತಿಳಿಸಿದರು.

"ನಮ್ಮ ನೆಂಟರೆಲ್ಲ ನಮ್ಮ ಹಾಗೇ ಸಾರ್," ಎಂದ ಪೇಂಟರು.

"ನೋಡಿ ಮಾಡಿ ಹುಟ್ಟಬೇಕಿತ್ತು."

"ಮುಂದಿನ ಸಲ ವಿಚಾರಿಸ್ಕೊಂಡೇ ಹುಟ್ತೀವಿ," ಎಂದಳು ಹೆಂಡತಿ. ಆಕೆಯ ತಿಳಿವಳಿಕೆಯನ್ನು ಅಧಿಕಾರಿಗಳು ಮೆಚ್ಚಿದರು.

ಶೀಟಿನ ಮನೆ ಉರುಳಿತು. ಸಂಸಾರ ಅಂಗಡಿಯೊಂದರ ಜಗುಲಿ ಸೇರಿತು. ಇತ್ತ ಖಾಲಿ ಮನೆಗೆ ಕಳ್ಳರು ನುಗ್ಗಿ ನಲ್ಲಿಗಳನ್ನು ಬಿಚ್ಚಿಕೊಂಡು ಹೋದರು. ಅಧಿಕಾರಿಗಳು ಪೇಂಟರನ್ನು ಹುಡುಕಿಸಿ ಕರೆತಂದು ಬೀಗದ ಕೈ ಕೊಟ್ಟರು.

"ನಿನ್ನಂಥ ನಂಬಿಕಸ್ಥ ಇನ್ನೊಬ್ಬನಿಲ್ಲ. ಮನೇಲಿ ಜನ ಇದ್ದಾರೆ ಅನ್ನೋ ಹಾಗೆ ಕಾಣಬೇಕು. ಬಟ್ಟೆ ಒಣಗಹಾಕಿ, ಮಿಷನ್ನು ತುಳೀರಿ. ಅಮ್ಮ ಕಿಟಕಿ ಹತ್ತಿರ ಕೂತು ಕೆಮ್ಮಲಿ, ಬೀದಿಗೆ ಕೇಳೋ ಹಾಗೆ."

"ಹಾಗಾದರೆ ನಾವಿಲ್ಲಿ ಇರಬಹುದಾ ಸಾರ್?"

"ಛೆ, ಇರೋದಲ್ಲ. ಇದ್ದ ಹಾಗೆ ಇರೋದು. ಕತ್ತಲಾದ ಮೇಲೆ ದೀಪ ಹಚ್ಚಿಟ್ಟು, ಬೀಗ ಹಾಕಿ, ಮೆಟ್ಟಿಲ ಕೆಳಗೆ ಮಲಗಿ. ಸಂಬಳದ ಮಾತು ಎತ್ತಬೇಡ, ಹಗಲೆಲ್ಲ ಮನೆ ಅನುಭವಿಸ್ತೀರಲ್ಲ."

ಇದು ಸಂತೋಷದ ವಿಷಯವೋ ಅಲ್ಲವೋ ಎಂದು ಪೇಂಟರು ತೀರ್ಮಾನಿಸುವ ಮೊದಲೇ ಹೆಂಡತಿ ಪೊರಕೆ ಹಿಡಿದು ಒಳಗೆ ಹೋಗಿದ್ದಳು.

ಏರ್ಪಾಡು ಸಫಲವಾಯಿತು. ಬೀದಿಯ ಇತರ ಮಾಲೀಕರೂ ತಂತಮ್ಮ ಖಾಲಿ ಮನೆಗಳಿಗೆ ಇಂಥದೇ ಸಂಸಾರಗಳನ್ನು ಗೊತ್ತುಮಾಡಿಕೊಂಡರು. ಹಗಲು ಬೀದಿ ತುಂಬ ಜನ, ಸಂಜೆಯಾದರೆ ಮೆಟ್ಟಿಲುಗಳ ಕೆಳಗೆಲ್ಲ ಜನ. ಬಡವರಿಗೆ ಮನೆ ಸಿಗುವುದಿಲ್ಲ ಎಂಬ ದೂರು ಆ ಬೀದಿಯ ಮಟ್ಟಿಗೆ ಇಲ್ಲವಾಯಿತು.

ಒಂದು ಸಂಜೆ ಪೇಂಟರು ಬೀಗ ಹಾಕಿ ಮೆಟ್ಟಿಲ ಕೆಳಗೆ ಬಂದಾಗ ಅಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡು ಗೋಡೆಯ ಕಡೆ ತಿರುಗಿದ್ದರು. ಬೆನ್ನು ಅದುರುತ್ತಿತ್ತು.

"ಕೆಮ್ಮಿಬಿಡಮ್ಮ," ಎಂದ ಪೇಂಟರು. "ಯಾಕೆ ತಡೀತೀಯ?"

ಅಮ್ಮ ಉಸಿರು ಹಿಡಿದು, ಮೆಲ್ಲಗೆ ಹೇಳಿದರು:

"ಸುಮ್ಮನಿರೋ. ಕೆಲಸದ ಹೊತ್ತು ಮುಗೀತಲ್ಲ."