ಸೆರಗಿನ ಮೇಲೆ ದಂಡಯಾತ್ರೆ

ನಮ್ಮ ಚಳ್ಳಕೆರೆ ಶಾಲೆಯ ಚರಿತ್ರೆ ಮೇಷ್ಟರ ಪಾಂಡಿತ್ಯವನ್ನೆಲ್ಲ ಒಂದು ಟ್ರಂಕಿನಲ್ಲಿ ಮಡಿಸಿಡಬಹುದಿತ್ತು. ಇದು ನಿಂದೆಯಲ್ಲ, ನಡೆದ ಸಂಗತಿ. ಮಡಿಸಿಟ್ಟವರು ಅವರ ಧರ್ಮಪತ್ನಿ.

ಯುದ್ಧಕಾಲದಲ್ಲಿ ಹಳೆಯ ದೊರೆಗಳು ರಾಜ್ಯವನ್ನು ಹೇಗೆ ನಡೆಸಿದರು, ದಂಡಿಗೆ ಮೇವು ನೀರು ಯಾವ ದಾರಿಯಲ್ಲಿ ಒದಗಿಸಿದರು ಎಂಬುದು ಮೇಷ್ಟರ ಜೀವಮಾನದ ವ್ಯಾಸಂಗ. ಅದರ ಬಲದಿಂದ ಮೈಸೂರಿನ ಕಾಲೇಜೊಂದರಲ್ಲಿ ಉಪನ್ಯಾಸಕರಾಗಬೇಕೆಂಬುದು ಹನ್ನೆರಡು ವರ್ಷದ ಹಂಬಲ. ಕೊನೆಗೊಮ್ಮೆ ಕರೆ ಬಂತು: ಬರುವ ತಿಂಗಳ ಮೊದಲ ಸೋಮವಾರ ಯುದ್ಧದ ನಕ್ಷೆ ಸಮೇತ ಹಾಜರಾಗತಕ್ಕದ್ದು.

ಆಗ ಯುರೋಪಿನಲ್ಲಿ ಮಹಾಯುದ್ಧ. ನಕ್ಷೆಗೆ ಬೇಕಾದಷ್ಟು ಅಗಲದ ಕಾಗದ ಎಲ್ಲೂ ಸಿಗಲಿಲ್ಲ. ಮೇಷ್ಟರು ಹೆಂಡತಿಯ ಟ್ರಂಕು ತೆರೆದರು. ತವರು ಮೊಳಕಾಲ್ಮೂರಿನ ಧಾರೆ ಸೀರೆ, ಹಸಿರು ಒಡಲು.

"ಹುಲ್ಲುಗಾವಲಿಗೆ ಬೇರೆ ಬಣ್ಣ ಬಳಿಯೋದೇ ಬ್ಯಾಡ ಕಣಯ್ಯ" ಎಂದರು, ಮಸಿ ಕಲಸಿ ಕೊಡುತ್ತಿದ್ದ ನನಗೆ; ನಾನು ಅದೇ ಶಾಲೆಯ ಕಿರಿಯ ಮೇಷ್ಟರು. ಅಂಚು ನದಿಯಾಯಿತು, ಸೆರಗು ರಣರಂಗವಾಯಿತು. ಆಕೆ ಬಾವಿಯಿಂದ ನೀರು ತರುವಷ್ಟರಲ್ಲಿ ಎರಡು ಸೈನ್ಯಗಳು ಕಪ್ಪು ಮಸಿಯಲ್ಲಿ ಬೀಡುಬಿಟ್ಟಿದ್ದವು.

"ಏನ್ರೀ ಇದು?"

"ದಂಡು."

"ನಮ್ಮಪ್ಪ ಮಗ್ಗದಾಗೆ ಕುಂತು ನೇಯ್ದ ಸೀರೆ ಐತ್ರೀ ಅದು."

"ಅಡಿಟಿಪ್ಪಣಿಯಾಗೆ ಅವರ ಹೆಸರು ಹಾಕ್ತೀನಿ."

ಮರುದಿನವೇ ಆಕೆ ಸೀರೆಯನ್ನು ಟ್ರಂಕಿಗೆ ತುಂಬಿ ತವರಿಗೆ ಗಾಡಿ ಹತ್ತಿದರು. ಅದೇ ಗಾಡಿಯಲ್ಲಿ ಮೇಷ್ಟರ ಕಾಲೇಜೂ ಹೋಯಿತು.

ಬೇರೆಯವರಾಗಿದ್ದರೆ ಹಿಂದೆಯೇ ಓಡುತ್ತಿದ್ದರು. ಮೇಷ್ಟರು ಪತ್ರ ಬರೆದರು. ಯುದ್ಧಭೂಮಿಯಿಂದ ವರದಿ ಕಳಿಸುವ ಧಾಟಿ. 'ಒಲೆ ನಮ್ಮ ವಶಕ್ಕೆ ಬಂದಿಲ್ಲ. ಚಟ್ನಿಪುಡಿ ಡಬ್ಬಿ ತೆರವಾಗಿದೆ. ರಾತ್ರಿಗಳು ಉದ್ದವಾಗಿವೆ.' ಕೊನೆಯ ವಾಕ್ಯಕ್ಕೆ ಆಧಾರವೇನು ಎಂದು ಕೇಳಿದೆ. ಮೇಷ್ಟರು ಕಾಗದ ಮಡಿಸಿ ಜೇಬಿಗೆ ಸೇರಿಸಿದರು. ಪತ್ರ ಹೋಗಲೇ ಇಲ್ಲ.

ಸಂಜೆಯಾದರೆ ಮೊಳಕಾಲ್ಮೂರಿನ ರಸ್ತೆಯ ಬದಿಗೆ ಹೋಗಿ ನಿಲ್ಲುತ್ತಿದ್ದರು.

"ಏನು ಮೇಷ್ಟ್ರೇ?" ಎಂದೆ ಒಮ್ಮೆ.

"ಗಾಡಿ ಎಣಿಸ್ತಿದೀನಿ. ದಂಡಿನ ಸಾಗಾಟದ ಅಭ್ಯಾಸ."

"ಎಷ್ಟು ಬಂದ್ವು?"

"ಬಂದಿದ್ದು ಬೇಕಾದಷ್ಟು. ನಿಂತಿದ್ದು ಒಂದೂ ಇಲ್ಲ."

ಬೇಗ ಹೋಗಿ ನಕ್ಷೆ ತನ್ನಿರಿ ಎಂದು ದಿನಾ ಪೀಡಿಸಿದೆ. "ಇನ್ನೂ ಹೊತ್ತಾಗಿಲ್ಲ ಕಣಯ್ಯ" ಎಂಬುದೊಂದೇ ಜವಾಬು. ಕೊನೆಗೆ ಗಾಡಿ ಕಟ್ಟಿಸಿದ್ದು ಯಾವತ್ತು? ಮೈಸೂರಿನಲ್ಲಿ ಇರಬೇಕಾಗಿದ್ದ ಆ ಸೋಮವಾರವೇ! ಇಂಥ ದಂಡನಾಯಕರಿದ್ದ ರಾಜ್ಯಗಳು ಏಕೆ ಅಳಿದವೆಂದು ಆವತ್ತು ನನಗೆ ತಿಳಿಯಿತು. ನಾನೂ ಗಾಡಿ ಹತ್ತಿದೆ; ದಾರಿಯ ತಳಕು ಎಂಬ ಊರು ದಾಟುವವರೆಗೂ ಬೈದೆ.

"ಹನ್ನೆರಡು ವರ್ಷ ಮಣ್ಣು ಮಾಡ್ಕೊಂಡ್ರಲ್ರೀ."

ಅವರು ಎತ್ತುಗಳ ಕಿವಿ ನೋಡುತ್ತ ಕುಳಿತಿದ್ದರು.

ಮಂಗಳವಾರ ಮಧ್ಯಾಹ್ನ ಮಾವನ ಮನೆ ಮುಟ್ಟಿದೆವು. ಒಳಗೆ ಮಗ್ಗದ ಸದ್ದು ನಿಂತಿತು. ಆಕೆ ಸೀರೆ ತಂದು ಜಗಲಿಯ ಮೇಲಿಟ್ಟರು.

"ತಗೊಂಡು ಹೋಗ್ರಿ. ಇದಕ್ಕೇ ತಾನೆ ಬಂದಿರೋದು? ಕಾಲೇಜ್ನೋರು ಕಾಯ್ತಿರ್ತಾರೆ."

ಮೇಷ್ಟರು ಸೀರೆ ಮುಟ್ಟಲಿಲ್ಲ.

"ಅದು ನಿನ್ನೆಗೇ ಮುಗೀತು. ಮುಗೀಲಿ ಅಂತಲೇ ಕಾದೆ. ಮುಂಚೆ ಬಂದಿದ್ರೆ ಸೀರೆಗೋಸ್ಕರ ಬಂದ್ರು ಅಂತಿದ್ದೆ ನೀನು."

ದಾರಿಯುದ್ದಕ್ಕೂ ಬೈದದ್ದನ್ನೆಲ್ಲ ನಾನು ಮನಸ್ಸಿನಲ್ಲೇ ವಾಪಸು ತೆಗೆದುಕೊಂಡೆ. ಆಕೆ ಒಳಗೆ ಹೋಗಿ ತಂಬಿಗೆಯಲ್ಲಿ ನೀರು ತಂದರು.

"ಬಿಸಿಲಾಗೆ ಬಂದೀರಿ. ಕಾಲು ತೊಳ್ಕೊಳ್ರಿ."