ಕೆಂಪು, ಏಳು

ಶಿಳ್ಳೆ ಮಾಸ್ತರರಿಗೆ ನಿದ್ದೆಯೆಂದರೆ ಎರಡನೆಯ ಹೆಂಡತಿ. ಮೊದಲನೆಯವಳು ಬಂದು "ಏಳ್ರೀ, ಏಳಿ" ಎಂದು ಹೊದಿಕೆ ಎಳೆಯದಿದ್ದರೆ ಅವರ ಪಾಲಿಗೆ ಬೆಳಗೇ ಆಗುತ್ತಿರಲಿಲ್ಲ.

ಆ ಮಧ್ಯಾಹ್ನ ಬ್ಯಾಸ್ಕೆಟ್‌ಬಾಲ್ ಅಂಕಣದಲ್ಲಿ ರೆಫರಿಯಾಗಿ ಓಡುತ್ತಿದ್ದರೂ ಅವರು ಪೂರ್ತಿ ಎದ್ದಿರಲಿಲ್ಲ. ಎತ್ತರದ ಕಿಟಕಿಗಳಿಂದ ಬಿಸಿಲು ಮರದ ನೆಲಕ್ಕೆ ಜೇನಿನಂತೆ ಇಳಿಯುತ್ತಿತ್ತು. ಚೆಂಡಿನ ದಬ್ ದಬ್ ಸದ್ದು ಯಾರೋ ಬೆನ್ನು ತಟ್ಟಿ ಮಲಗಿಸುವಂತಿತ್ತು. ಆದರೆ ಮುಂದಿನ ಸಾಲಿನಲ್ಲಿ ಹಿರಿಯ ರೆಫರಿ ಕೂತಿದ್ದರು. ಅವರು ಮೆಚ್ಚಿದರೆ ನಾಳೆಯ ಫೈನಲ್ಲಿಗೆ ಮಾಸ್ತರರದೇ ಶಿಳ್ಳೆ.

"ಬರೀ ಕೈ ಆಡಿಸಿದ್ರೆ ಸಾಲ್ದು. ಬಣ್ಣ, ನಂಬರು, ತಪ್ಪು ಎಲ್ಲಾ ಬಾಯ್ಬಿಟ್ಟು ಹೇಳಿ. ಮೇಜಲ್ಲಿ ಕೂತು ಲೆಕ್ಕ ಬರೆಯೋನಿಗೆ ಕೇಳ್ಬೇಕು," ಎಂದು ಅವರು ಮೊದಲೇ ಕಿವಿ ಹಿಂಡಿದ್ದರು.

ಕೆಂಪು ತಂಡದ ಒಂಬತ್ತನೆಯ ನಂಬರಿನವನು ನೀಲಿಯವನೊಬ್ಬನನ್ನು ದಬ್ಬಿ ಬೀಳಿಸಿದ. ಮಾಸ್ತರರು ಶಿಳ್ಳೆ ಊದಿ, ಮೇಜಿನತ್ತ ತಿರುಗಿ "ಕೆಂಪು!" ಎಂದು ಗುಡುಗಿದರು. ಅಷ್ಟರಲ್ಲಿ ಬಿದ್ದವನು ಅವರ ಪಾದವನ್ನೇ ದಿಂಬು ಮಾಡಿಕೊಂಡು ಕಣ್ಣು ಮುಚ್ಚಿದ. ಆ ಸುಖ ಕಂಡು ಹೊಟ್ಟೆ ಉರಿದು, "ಏಳು!" ಎಂದು ಗದರಿದರು.

ಮೇಜಿನವನು ಬರೆದುಕೊಂಡ: ಕೆಂಪು, ಏಳು. ಏಳನೆಯ ನಂಬರಿಗೆ ಆಗಲೇ ನಾಲ್ಕು ತಪ್ಪಾಗಿದ್ದವು. ಐದಾದರೆ ಆಟದಿಂದಲೇ ಹೊರಕ್ಕೆ.

ಆ ಏಳನೆಯ ನಂಬರು ಮಾಸ್ತರರ ಹೆಂಡತಿಯ ತಮ್ಮ. ಅಂಕಣದ ಆ ತುದಿಯಲ್ಲಿ ಬೂಟಿನ ದಾರ ಕಟ್ಟುತ್ತಿದ್ದ.

"ಭಾವ! ನಾನಿಲ್ಲಿದೀನಿ, ಅವನಲ್ಲಿ ಬಿದ್ದಿದಾನೆ. ನನ್ನ ಕೈ ಏನು ಬಾವಿ ಹಗ್ಗಾನಾ?"

ಮಾಸ್ತರರು ಮೇಜಿಗೆ ಓಡಿದರು. "ಏಳು ಅಲ್ಲಯ್ಯಾ, ನಾನು ಹೇಳಿದ್ದು ಏಳು!"

"ನಾನೂ ಅದನ್ನೇ ಬರ್ದಿದೀನಿ ಸಾರ್."

"ಆ ಏಳಲ್ಲ, ಈ ಏಳು!"

"ಈ ಟೀಮಲ್ಲಿ ಎರಡು ಏಳಿಲ್ಲ ಸಾರ್."

ಪ್ರೇಕ್ಷಕರು "ಏಳು! ಏಳು!" ಎಂದು ಕೂಗತೊಡಗಿದರು. ಹಿಂದಿನ ಸಾಲಿನಲ್ಲಿ ತೂಕಡಿಸುತ್ತಿದ್ದ ಅಜ್ಜನೊಬ್ಬ ಗಾಬರಿಯಿಂದ ಎದ್ದೇ ನಿಂತ.

ಹಿರಿಯ ರೆಫರಿ ಬಂದು ಬೆನ್ನು ತಟ್ಟಿದರು. "ಭೇಷ್! ಸ್ವಂತ ಭಾಮೈದ ಅಂತಲೂ ನೋಡ್ಲಿಲ್ಲ. ಎಂಥಾ ಸ್ಪಷ್ಟ ಉಚ್ಚಾರ! ನಾಳೆ ಬೆಳಿಗ್ಗೆ ಫೈನಲ್ ನಿಮ್ದೇ."

ನಿಜ ಗಂಟಲವರೆಗೆ ಬಂದಿತ್ತು. ಮಾಸ್ತರರು ನುಂಗಿಕೊಂಡರು. ಭಾಮೈದ ಆಟದಿಂದ ಹೊರನಡೆದ.

ಕನಸಿನಲ್ಲಿ ಫೈನಲ್ ಸೊಗಸಾಗಿ ನಡೆಯಿತು. ಚೆಂಡು ಹತ್ತಿಯಂತೆ ತೇಲುತ್ತಿತ್ತು. ಬಿದ್ದವರೆಲ್ಲ ಹೇಳಿಸಿಕೊಳ್ಳದೆ ತಾವಾಗಿಯೇ ಎದ್ದರು. ಕಣ್ಣು ಬಿಟ್ಟಾಗ ಬಿಸಿಲು ಹೊದಿಕೆ ಹತ್ತಿ ಮೂಗಿನ ತನಕ ಬಂದಿತ್ತು. ನಿಜವಾದ ಫೈನಲ್ ಬೇರೆ ಯಾರದೋ ಶಿಳ್ಳೆಗೆ ಮುಗಿದೂ ಹೋಗಿತ್ತು.

"ಯಾಕೇ ಎಬ್ಬಿಸ್ಲಿಲ್ಲ?" ಎಂದು ಕಿರುಚಿದರು.

ಹೆಂಡತಿ ಬಟ್ಟೆ ಮಡಚುತ್ತಲೇ ಹೇಳಿದಳು: "ಎಬ್ಬಿಸೋಕೆ ಬಂದಿದ್ದೆ ಕಣ್ರೀ. ಆದ್ರೆ ಬಾಯಿ ತೆಗೆದ್ರೆ ಆ ಮಾತೇ ಬರುತ್ತಲ್ಲ! ನಂಗಿನ್ನೂ ಒಬ್ಬ ತಮ್ಮ ಇದಾನೆ. ಅವನಾದ್ರೂ ಆಡ್ಕೊಂಡಿರ್ಲಿ ಅಂತ ಸುಮ್ಮನಾದೆ."